ಬೆಳೆಗಾರರ ಎದುರು ‘ಗೊತ್ತಿಲ್ಲ’ ಎನ್ನಲು ಅಂಜುವವರಿಗೆ

ಕೃಷಿ ಅಥವಾ ತೋಟಗಾರಿಕೆ ಪದವಿ ಮುಗಿಸಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ವಿಸ್ತರಣಾ ಕೆಲಸಕ್ಕೆ, ಅಂದರೆ ಬೆಳೆಗಾರರಿಗೆ ಸಲಹೆ ಕೊಡುವ ಕೆಲಸಕ್ಕೆ, ಸೇರುವವರಿಗೆ ತರಬೇತಿ ಕೊಡುವುದು ಬಹುಕಾಲದಿಂದ ನನ್ನ ವೃತ್ತಿಯ ಭಾಗವಾಗಿದೆ. ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಅವರಲ್ಲಿ ಅನೇಕರು ಒಂದೇ ಅಳಲನ್ನು ತೋಡಿಕೊಳ್ಳುತ್ತಾರೆ: ಮೂರು ತಲೆಮಾರಿನಿಂದ ಕಾಫಿ ಬೆಳೆದವರ ಎದುರು ನಿಂತಾಗ ಓದಿದ್ದೆಲ್ಲ ಸಾಲದೆನಿಸುತ್ತದೆ, ಇಂದಲ್ಲ ನಾಳೆ ತಮ್ಮ ಬಂಡವಾಳ ಬಯಲಾಗುತ್ತದೆಂಬ ಭಯ ಬಿಡುವುದಿಲ್ಲ.

ಈ ಭಯವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಓದಿನಲ್ಲೂ ವೃತ್ತಿಯಲ್ಲೂ ಮುಂದೆ ಬಂದಿದ್ದ ಮಹಿಳೆಯರೇ ತಮ್ಮ ಗೆಲುವನ್ನು ಅದೃಷ್ಟದ ಪಾಲಿಗೆ ಬರೆದು, ತಾವು ಇತರರನ್ನು ನಂಬಿಸಿ ಮೋಸ ಮಾಡುತ್ತಿದ್ದೇವೆಂದು ಒಳಗೊಳಗೇ ಕೊರಗುತ್ತಿದ್ದುದನ್ನು ಅವರು ಗಮನಿಸಿದ್ದರು. ಗಂಡಸರಲ್ಲೂ ಇದು ಇರುವುದನ್ನು ಮುಂದಿನ ಅಧ್ಯಯನಗಳು ತೋರಿಸಿದವು. ಆದರೆ ನಮ್ಮ ಹೊಸಬರ ವಿಷಯದಲ್ಲಿ ಈ ವಿವರಣೆ ಅರ್ಧ ಮಾತ್ರ ಹೊಂದುತ್ತದೆ, ಏಕೆಂದರೆ ಅವರಿಗೆ ತಿಳಿಯದಿರುವುದು ನಿಜವಾಗಿಯೂ ಬಹಳಷ್ಟಿದೆ. ಅಂಥವರಿಗೆ ‘ಧೈರ್ಯವಾಗಿರಿ’ ಎಂಬ ಭಾಷಣ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ತಿಳಿಯದಿರುವುದಕ್ಕಿಂತ ಅದನ್ನು ಮುಚ್ಚಿಕೊಳ್ಳುವ ಅವಸರದಲ್ಲಿ ಬಾಯಿಗೆ ಬಂದ ಉತ್ತರವನ್ನು ಕೊಟ್ಟುಬಿಡುವುದೇ ನಮ್ಮ ಕಸುಬಿನಲ್ಲಿ ಹೆಚ್ಚು ಅನಾಹುತ ಮಾಡುತ್ತದೆ.

ಅರೇಬಿಕಾ ಕಾಫಿ ಗಿಡದ ಎಲೆ ಹಳದಿಯಾಗಿದೆ ಎಂಬ ಸಾಮಾನ್ಯ ದೂರನ್ನೇ ತೆಗೆದುಕೊಳ್ಳೋಣ. ಅಂಜಿದವರು ಗಿಡದ ಹತ್ತಿರ ಹೋಗುವ ಮೊದಲೇ ‘ಗೊಬ್ಬರ ಸಾಲದು’ ಎಂದುಬಿಡುತ್ತಾರೆ. ಅನುಭವಿಗಳು ಉತ್ತರ ಕೊಡುವ ಮೊದಲು ಪ್ರಶ್ನೆ ಕೇಳುತ್ತಾರೆ, ಬಗ್ಗಿ ನೋಡುತ್ತಾರೆ. ಹಳೆಯ ಎಲೆಗಳು ಒಂದೇ ಸಮನೆ ಬಿಳಿಚಿಕೊಂಡಿದ್ದರೆ ಸಾರಜನಕದ ಕೊರತೆಯನ್ನೂ, ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ಮೆಗ್ನೀಷಿಯಂ ಕೊರತೆಯನ್ನೂ ಶಂಕಿಸಬಹುದು. ಅದೇ ಚಿಹ್ನೆ ಎಳೆಯ ಎಲೆಗಳಲ್ಲಿ ಕಂಡರೆ ಕಬ್ಬಿಣದ ಕಡೆಗೆ ಗಮನ ಹೋಗಬೇಕು, ಏಕೆಂದರೆ ಸಾರಜನಕ ಮತ್ತು ಮೆಗ್ನೀಷಿಯಂ ಹಳೆಯ ಎಲೆಯಿಂದ ಚಿಗುರಿಗೆ ಸಾಗಬಲ್ಲವು, ಕಬ್ಬಿಣ ಹಾಗೆ ಸುಲಭವಾಗಿ ಸಾಗಲಾರದು. ನೀರು ನಿಲ್ಲುವ ತಗ್ಗಿನ ಗಿಡಗಳಷ್ಟೇ ಸೊರಗಿದ್ದರೆ ತೇವ ಹೆಚ್ಚಾಗಿ ಬೇರು ಉಸಿರಾಡದಿರಬಹುದು. ಕಾಂಡವನ್ನು ಕೈಯಿಂದ ಸವರಿದಾಗ ಉಬ್ಬಿದ ಗೆರೆಗಳು ಸಿಕ್ಕರೆ ಒಳಗೆ ಬಿಳಿ ಕಾಂಡಕೊರಕದ ಹುಳು ಇರುವ ಸಾಧ್ಯತೆಯೇ ಹೆಚ್ಚು. ಆ ಗಿಡವನ್ನು ಕಿತ್ತು ಸುಡುವ ಬದಲು ಗೊಬ್ಬರ ಹಾಕುತ್ತ ಕೂತರೆ, ಏಪ್ರಿಲ್‌–ಮೇನಲ್ಲೋ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಾರಾಟದ ಕಾಲದಲ್ಲೋ ದುಂಬಿಗಳು ಹೊರಬಂದು ಅಕ್ಕಪಕ್ಕದ ಗಿಡಗಳ ತೊಗಟೆಯಲ್ಲಿ ಮೊಟ್ಟೆಯಿಡುತ್ತವೆ. ಹೊಸಬರು ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು ತೋಟಕ್ಕೆ ಹೋಗಬೇಕೆಂದೇನಿಲ್ಲ. ಯಾವ ಎಲೆ, ಯಾವ ಜಾಗ, ಎಂದಿನಿಂದ ಎಂದು ಕೇಳಿ ಬರೆದುಕೊಂಡು ಬಂದರೆ ಉತ್ತರವನ್ನು ಸಂಜೆ ಹುಡುಕಿಕೊಳ್ಳಬಹುದು. ಪ್ರಶ್ನೆ ಕೇಳುವವರನ್ನು ಬೆಳೆಗಾರರು ಹಗುರವಾಗಿ ಕಂಡಿದ್ದನ್ನು ನಾನಂತೂ ನೋಡಿಲ್ಲ. ತೋಟದ ಲೆಕ್ಕಪತ್ರ ನೋಡುವ ರೈಟರ್‌ ಮತ್ತು ಮೇಸ್ತ್ರಿಗಳು ಇಂಥವರಿಗೇ ಹೆಚ್ಚು ವಿವರ ಕೊಡುತ್ತಾರೆ.

ಹಾಗೆಂದು ಎಲ್ಲವನ್ನೂ ಸಂಜೆಗೆ ಮುಂದೂಡಲಾಗದು. ಶಿಲೀಂಧ್ರ ರೋಗ ತಡೆಯಲು ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್‌ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ ಬೇಕೆಂಬುದು, ಅದರಲ್ಲಿ ಅದ್ದಿದ ಚಾಕುವಿನ ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದೆಂಬುದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಇಂಥ ನಿತ್ಯದ ಸಂಗತಿಗಳ ಪಟ್ಟಿ ಹೊಸಬರು ಭಾವಿಸುವಷ್ಟು ಉದ್ದವಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಕುಳಿತರೆ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದು.

ಇನ್ನು ಕೆಲವು ಪ್ರಶ್ನೆಗಳಿಗೆ ಯಾರ ಬಳಿಯೂ ಪೂರ್ಣ ಉತ್ತರವಿಲ್ಲ. ಶೃಂಗೇರಿ, ಕೊಪ್ಪ ಭಾಗದ ಅಡಿಕೆ ತೋಟಗಳನ್ನು ಬರಿದು ಮಾಡಿರುವ ಹಳದಿ ಎಲೆ ರೋಗವನ್ನು ಪೂರ್ತಿ ವಾಸಿ ಮಾಡುವ ಔಷಧ ಇಂದಿಗೂ ಇಲ್ಲ. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಆರಂಭವಾದದ್ದು 1925ರಲ್ಲಿ. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್‌.795 ತಳಿ ಎಲೆ ತುಕ್ಕು ರೋಗವನ್ನು ತಡೆದುಕೊಳ್ಳುತ್ತಿತ್ತಾದರೂ, ತುಕ್ಕು ಶಿಲೀಂಧ್ರದ ಹೊಸ ಪ್ರಭೇದಗಳು ಬಂದ ಮೇಲೆ ಆ ಶಕ್ತಿ ಕುಗ್ಗಿತು. ಸಂಶೋಧಕರೇ ಮತ್ತೆ ಮತ್ತೆ ಕಲಿಯಬೇಕಾಗಿ ಬಂದ ವಿಷಯವನ್ನು ತಾವೊಬ್ಬರೇ ತಿಳಿಯದೆ ಉಳಿದಿದ್ದೇವೆಂದು ಭಾವಿಸುವುದು ತಪ್ಪು ಲೆಕ್ಕ. ಹಳದಿ ಎಲೆ ರೋಗದ ಬಗ್ಗೆ ಕೇಳಿದವರಿಗೆ ‘ಖಚಿತ ಔಷಧವಿಲ್ಲ’ ಎಂದು ನೇರವಾಗಿ ಹೇಳಿದರೆ, ಕಂಡಕಂಡ ಟಾನಿಕ್‌ಗಳಿಗೆ ಸುರಿಯುವ ಹಣವಾದರೂ ಅವರಿಗೆ ಉಳಿಯುತ್ತದೆ.

‘ಗೊತ್ತಿಲ್ಲ’ ಎನ್ನುವುದಕ್ಕೂ ಒಂದು ಕ್ರಮವಿದೆ. ಬರಿಯ ಆ ಒಂದು ಮಾತು ಕೈತೊಳೆದುಕೊಂಡಂತೆ ಕೇಳಿಸುತ್ತದೆ. ‘ಗೌಡ್ರೇ, ಬೇರು ನೋಡದೆ ಇದನ್ನ ಹೇಳೋಕಾಗಲ್ಲ. ಸ್ಯಾಂಪಲ್‌ ಬಾಳೆಹೊನ್ನೂರಿಗೆ ಕಳಿಸ್ತೀನಿ, ಗುರುವಾರ ನಿಮಗೆ ಫೋನ್‌ ಮಾಡ್ತೀನಿ’ ಎಂದರೆ ತಿಳಿಯದ್ದು ಯಾವುದು, ತಿಳಿಯುವ ದಾರಿ ಯಾವುದು, ಯಾವಾಗ ಎಂಬ ಮೂರೂ ಸ್ಪಷ್ಟವಾಗುತ್ತವೆ. ಆದರೆ ಗುರುವಾರ ಫೋನ್‌ ಮಾಡಲೇಬೇಕು, ವರದಿ ಬಂದಿರದಿದ್ದರೂ.

ಇದೆಲ್ಲ ಸಾಧ್ಯವಾಗುವುದು ಕಚೇರಿಯಲ್ಲಿ ಕೇಳಲು ಅವಕಾಶವಿದ್ದಾಗ. ಸಂಶೋಧಕಿ ಆಮಿ ಎಡ್ಮಂಡ್ಸನ್‌ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುದು ಕಂಡುಬಂತು. ಅಲ್ಲಿನವರು ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬುದೇ ಅದಕ್ಕೆ ಅವರು ಕಂಡುಕೊಂಡ ಕಾರಣ. ‘ಇಷ್ಟೂ ಗೊತ್ತಿಲ್ವಾ?’ ಎಂದು ಎಲ್ಲರೆದುರು ಮೂದಲಿಸುವ ಮೇಲಧಿಕಾರಿಗೆ ಮರುದಿನದಿಂದ ಯಾರೂ ಏನನ್ನೂ ಕೇಳುವುದಿಲ್ಲ, ತೋಟದಲ್ಲಿ ಆದ ಎಡವಟ್ಟು ಅವರಿಗೆ ತಿಳಿಯುವುದು ಬೆಳೆಗಾರರ ದೂರಿನಿಂದಲೇ. ಆದ್ದರಿಂದ ತಾಲ್ಲೂಕು ಮಟ್ಟದ ವಾರದ ಸಭೆಯಲ್ಲಿ ಆ ವಾರ ಉತ್ತರ ಸಿಗದೆ ಉಳಿದ ಪ್ರಶ್ನೆಗಳಿಗೇ ಮೊದಲ ಕಾಲು ಗಂಟೆಯನ್ನು ಮೀಸಲಿಡುವಂತೆಯೂ, ಹಿರಿಯ ಅಧಿಕಾರಿಯೇ ತಮ್ಮದೊಂದು ಪ್ರಶ್ನೆಯಿಂದ ಅದನ್ನು ಆರಂಭಿಸುವಂತೆಯೂ ನಾನು ಸಲಹೆ ಕೊಡುತ್ತೇನೆ.