ಬಾತು ಅಳಿಯಿತು, ಕಳೆ ಹಬ್ಬಿತು: ಯಾಕೆ ಹೀಗೆ?

ಪ್ರಶ್ನೆ: ಬಾತುಕೋಳಿಗೆ ರೆಕ್ಕೆ ಇದೆ, ಈಜಲೂ ಬರುತ್ತದೆ. ಗಿಡಕ್ಕೆ ಎರಡೂ ಇಲ್ಲ. ಆದರೂ ಕೆಲವು ಬಾತುಗಳು ಅಳಿವಿನಂಚಿಗೆ ಬಂದಿವೆ, ನೀರಿನ ಕಳೆ ಮಾತ್ರ ಎಲ್ಲೆಲ್ಲೂ ಹಬ್ಬಿದೆ. ಯಾಕೆ?

ಉತ್ತರ: ಮಡಗಾಸ್ಕರದ ಅತಿ ದೊಡ್ಡ ಸರೋವರ ಅಲಾವೋತ್ರಾ. ಇದನ್ನು ಅಲ್ಲಿಂದಲೇ ನೋಡೋಣ. ಮಡಗಾಸ್ಕರ್ ಪೋಚರ್ಡ್ ಎಂಬ ಕಂದು ಬಾತಿನ ಮನೆ ಅದಾಗಿತ್ತು. ಗಂಡು ಹಕ್ಕಿಯ ಕಣ್ಣು ಬೆಳ್ಳಗೆ ಹೊಳೆಯುತ್ತದೆ. 1991ರಲ್ಲಿ ಅಲ್ಲಿ ಒಂದು ಗಂಡು ಸಿಕ್ಕಿತು. ಆಮೇಲೆ 15 ವರ್ಷ ಈ ಬಾತು ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಸರೋವರದಲ್ಲಿ ವಾಟರ್ ಹಯಸಿಂತ್ ದಟ್ಟವಾಗಿ ಹಬ್ಬಿದೆ. ತಿಳಿನೇರಳೆ ಹೂವಿನ ಈ ಕಳೆಯನ್ನು ಹಲವರು ಅಂತರಗಂಗೆ ಅಂತಲೂ ಕರೆಯುತ್ತಾರೆ.

ಬಾತಿಗೆ ಬೇಕಾದದ್ದು ಜಾಸ್ತಿ. ಅದು ಮುಳುಗಿ ತಳದ ಹುಳಹುಪ್ಪಟೆ ಹುಡುಕಿ ತಿನ್ನುತ್ತದೆ. ಹಾಗಾಗಿ ನೀರು ಆಳವಿಲ್ಲದೆ, ತಿಳಿಯಾಗಿರಬೇಕು. ಗೂಡಿಗೆ ದಡದ ಜೊಂಡು ಬೇಕು. ಅಲಾವೋತ್ರಾದಲ್ಲಿ ಜೊಂಡು ಕಡಿದು, ಸುಟ್ಟು ಭತ್ತದ ಗದ್ದೆ ಮಾಡಿದರು. ಬೋಳು ಗುಡ್ಡಗಳಿಂದ ಮಣ್ಣು ಕೊಚ್ಚಿಕೊಂಡು ಬಂತು. ಹೊರಗಿನಿಂದ ತಂದುಬಿಟ್ಟ ಮೀನುಗಳು ಸರೋವರದ ಒಳಗನ್ನೇ ಬದಲಿಸಿದವು. ಬೇಟೆ, ಮೀನುಬಲೆಗಳೂ ಸೇರಿದವು. ಇದರಲ್ಲಿ ಒಂದು ಬಂದಿದ್ದರೆ ಬಾತು ತಡೆದುಕೊಳ್ಳುತ್ತಿತ್ತೇನೋ. ಎಲ್ಲವೂ ಬಂದವು.

ಗಿಡದ ಕಥೆಯೇ ಬೇರೆ. ತಾಯಿಗಿಡ ನೀರಿನ ಮೇಲೆ ಕುಡಿ ಚಾಚುತ್ತದೆ, ತುದಿಯಲ್ಲಿ ಮರಿಗಿಡ ಮೂಡುತ್ತದೆ. ಜೋಡಿ ಹುಡುಕಬೇಕಿಲ್ಲ, ಗೂಡು ಕಟ್ಟಬೇಕಿಲ್ಲ. ಬಿಸಿಲು ಮತ್ತು ಗೊಬ್ಬರ ಸೇರಿದ ನೀರು ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟಾಗಬಲ್ಲದು. ಬೀಜಗಳು ಕೆಸರಿನಲ್ಲಿ ವರ್ಷಗಟ್ಟಲೆ ಸುಮ್ನೆ ಕಾಯುತ್ತವೆ. ಇದರ ತವರು ದಕ್ಷಿಣ ಅಮೆರಿಕ. ಅಲ್ಲಿ ಇದನ್ನೇ ತಿಂದು ಬದುಕುವ ಕೀಟಗಳಿವೆ. ಹೂವು ಚೆಂದ ಅಂತ ಜನ ಗಿಡವನ್ನು ದೇಶದೇಶಕ್ಕೆ ಒಯ್ದರು, ಕೀಟಗಳು ಅಲ್ಲೇ ಉಳಿದವು.

ಅಂದರೆ ಬಾತು ದುರ್ಬಲ, ಗಿಡ ಗಟ್ಟಿ ಎನ್ನುವುದು ಸರಿಯಲ್ಲ. ಬಾತಿನ ಬದುಕು ಕೆಡಿಸಿದ ಗದ್ದೆಗಳಿಂದ ಹರಿದುಬರುವ ಗೊಬ್ಬರದ ನೀರೇ ಗಿಡಕ್ಕೆ ಊಟವಾಯಿತು, ಅಲ್ವಾ? ಇನ್ನು ರೆಕ್ಕೆಯ ಮಾತು. ಹಾರಿ ಹೋಗಲು ಇನ್ನೊಂದು ಒಳ್ಳೆಯ ಕೆರೆ ಇದ್ದರೆ ತಾನೇ ರೆಕ್ಕೆಯಿಂದ ಉಪಯೋಗ?

2006ರಲ್ಲಿ ಉತ್ತರ ಮಡಗಾಸ್ಕರದ ಒಂದು ಜ್ವಾಲಾಮುಖಿ ಸರೋವರದಲ್ಲಿ ಈ ಬಾತು ಮತ್ತೆ ಕಂಡಿತು. ಒಂಬತ್ತು ದೊಡ್ಡವು, ನಾಲ್ಕು ಮರಿ. ಈ ಸುದ್ದಿ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಆದರೆ ಅಲ್ಲಿ ನೀರು ತೀರಾ ಆಳ. ಹೆಚ್ಚಿನ ಮರಿಗಳು ಎರಡು ಮೂರು ವಾರದಲ್ಲೇ ಹಸಿವಿನಿಂದ ಸಾಯುತ್ತಿದ್ದವು. ಹಾಗಾಗಿ 2009ರಲ್ಲಿ ಮೊಟ್ಟೆ ತಂದು ಮರಿ ಮಾಡಿಸಿ ಸಾಕತೊಡಗಿದರು. 2018ರ ಡಿಸೆಂಬರಿನಲ್ಲಿ ತೇಲುವ ಪಂಜರಗಳಿಂದ 21 ಬಾತುಗಳನ್ನು ಹೊರಗೆ ಬಿಟ್ಟರು. ಬಿಟ್ಟದ್ದು ಸೋಫಿಯಾ ಎಂಬ ಬೇರೊಂದು ಸರೋವರಕ್ಕೆ, ಅಲಾವೋತ್ರಾಕ್ಕಲ್ಲ.