ಸುರತ್ಕಲ್‌ಗೆ ಕಾರು ರೈಲು: ಹಳಿ ಇದೆ, ಉಳಿದದ್ದು?

ಮುಂಬಯಿಯಲ್ಲಿರುವ ತುಳುನಾಡಿನವರು ಕೋಲಕ್ಕೋ ಮೇ ತಿಂಗಳ ಮದುವೆಗೋ ಊರಿಗೆ ಹೊರಟರೆ ಒಂದು ಹಳೆಯ ತಾಪತ್ರಯ ಎದುರಾಗುತ್ತದೆ. ರೈಲಿನಲ್ಲಿ ಬಂದರೆ ಊರಲ್ಲಿ ಓಡಾಡಲು ಗಾಡಿಯಿಲ್ಲ. ಕಾರಿನಲ್ಲಿ ಬಂದರೆ ಹೆದ್ದಾರಿ 66ರಲ್ಲಿ ಒಂಬೈನೂರು ಕಿಲೋಮೀಟರಿನ ಆಸುಪಾಸು ಸ್ಟೀರಿಂಗ್ ಹಿಡಿದು ಕೂರಬೇಕು. ಕಾರನ್ನೂ ರೈಲಿಗೇ ಹತ್ತಿಸಿದರೆ ಹೇಗೆ?

ಕೊಂಕಣ ರೈಲ್ವೆ 2025ರ ಆಗಸ್ಟಿನಲ್ಲಿ, ಗಣೇಶ ಹಬ್ಬದ ಹೊತ್ತಿಗೆ, ಇದನ್ನು ಮಾಡಿ ನೋಡಿತು. ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ನಾಕ್ಕೆ 20 ವ್ಯಾಗನ್, ಪ್ರತಿ ವ್ಯಾಗನ್‌ಗೆ ಎರಡರಂತೆ 40 ಕಾರಿಗೆ ಜಾಗ. ಕಾರೊಂದಕ್ಕೆ ಬಾಡಿಗೆ 7,875 ರೂಪಾಯಿ. ಜೊತೆಗೆ ಬರುವ ಮೂವರಿಗೆ ಅದೇ ಗಾಡಿಗೆ ಸೇರಿಸಿದ ಬೋಗಿಯಲ್ಲಿ ಬೇರೆ ಟಿಕೆಟ್. ಹೊರಡುವುದು ಸಂಜೆ 5ಕ್ಕೆ, ಕಾರು ತಂದು ನಿಲ್ಲಿಸಬೇಕಾದದ್ದು ಮಧ್ಯಾಹ್ನ 2ಕ್ಕೆ, ಪ್ರಯಾಣ ಸುಮಾರು 12 ಗಂಟೆ. ಕನಿಷ್ಠ 16 ಕಾರು ಬುಕ್ ಆಗದಿದ್ದರೆ ಗಾಡಿಯಿಲ್ಲ ಎಂಬುದು ಆಗಿನ ನಿಯಮ.

ಅದನ್ನೇ ಮಂಗಳೂರು ಬಳಿಯ ಸುರತ್ಕಲ್‌ವರೆಗೆ ಎಳೆದರಾಯಿತಲ್ಲ ಎನ್ನುವವರಿದ್ದಾರೆ. ಹಳಿಯ ಮಟ್ಟಿಗೆ ಅಡ್ಡಿಯೇನಿಲ್ಲ. ಲಾರಿಗಳನ್ನು ಹೊತ್ತೊಯ್ಯುವ ರೋ-ರೋ ಗಾಡಿ 1999ರ ಜನವರಿಯಲ್ಲಿ ಕೋಲಾಡ್–ವೆರ್ನಾ ನಡುವೆ ಶುರುವಾಗಿ, 2004ರಲ್ಲಿ ಸುರತ್ಕಲ್‌ಗೂ ಬಂತು. ಅಂದರೆ ಲಾರಿ ಹತ್ತಿಳಿಯುವ ರ‍್ಯಾಂಪ್ ಇಲ್ಲಿ ಹೊಸದಲ್ಲ. ತೊಡಕಿರುವುದು ವ್ಯಾಗನ್‌ನಲ್ಲಿ.

ಲಾರಿ ರೋ-ರೋಗೆ ಬಳಸುವುದು ಬಿಆರ್‌ಎನ್ ಎಂಬ ತೆರೆದ ಚಪ್ಪಟೆ ವ್ಯಾಗನ್. ಹಳಿ, ಉಕ್ಕಿನಂಥ ಭಾರಿ ಸರಕಿಗೆಂದೇ ಮಾಡಿದ್ದು. ಖಾಲಿ ಇದ್ದಾಗಲೇ ತೂಕ ಸುಮಾರು 24 ಟನ್. ಸರಕು ತುಂಬಿದ ಲಾರಿಯೊಂದನ್ನು ಅದರ ಮೇಲೆ ನಿಲ್ಲಿಸಿದರೆ ಹೊರುವ ವ್ಯಾಗನ್‌ಗೂ ಹೊರೆಗೂ ಒಂದು ಹೊಂದಾಣಿಕೆ ಇರುತ್ತದೆ. ಎರಡು ಕಾರು ನಿಲ್ಲಿಸಿದರೆ ಎರಡೂವರೆ, ಮೂರು ಟನ್ ಸಾಗಿಸಲು 24 ಟನ್ ಉಕ್ಕನ್ನೂ ಎಳೆಯಬೇಕು. ಇಡೀ ಗಾಡಿಗೆ ಲೆಕ್ಕ ಹಾಕಿದರೆ ಕಾರುಗಳ ತೂಕ ಐವತ್ತು ಟನ್ ಚಿಲ್ಲರೆ, ವ್ಯಾಗನ್‌ಗಳದ್ದು 480 ಟನ್.

ಉದ್ದದ ಲೆಕ್ಕ ಇನ್ನೂ ಕಷ್ಟದ್ದು. ಒಂದು ವ್ಯಾಗನ್ ಒಂದು ತುದಿಯ ಕೊಂಡಿಯಿಂದ (ಕಪ್ಲರ್) ಇನ್ನೊಂದು ತುದಿಯ ಕೊಂಡಿಗೆ ಸುಮಾರು 14.6 ಮೀಟರ್, ಇಪ್ಪತ್ತಕ್ಕೆ 290 ಮೀಟರಿಗೂ ಹೆಚ್ಚು. ಅಷ್ಟೇ ಜಾಗದಲ್ಲಿ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ 12 ಪ್ರಯಾಣಿಕ ಬೋಗಿ ಹಿಡಿಯುತ್ತವೆ. ತ್ರೀ ಟಯರ್ ಎಸಿ ಎಂದಿಟ್ಟುಕೊಂಡರೆ 864 ಬರ್ತ್. ಕಾರು ಗಾಡಿಯಲ್ಲಿ ಬರುವವರು ಹೆಚ್ಚೆಂದರೆ 120 ಮಂದಿ. ರೋಹಾ–ವೀರ್ ನಡುವಿನ ತುಂಡೊಂದನ್ನು ಬಿಟ್ಟರೆ ಕೊಂಕಣ ಮಾರ್ಗ ಒಂಟಿ ಹಳಿಯದ್ದು. ಎದುರು ಗಾಡಿಗೆ ದಾರಿ ಬಿಡಲು ಸ್ಟೇಷನ್‌ನಲ್ಲಿ ಕಾಯಲೇಬೇಕು. ಹಬ್ಬದ ವಾರದಲ್ಲಿ ಅಲ್ಲಿ ಒಂದೊಂದು ಪಾತ್‌ಗೂ, ಅಂದರೆ ಒಂದು ಗಾಡಿ ಓಡಲು ಹಳಿಯ ಮೇಲೆ ಸಿಗುವ ಸಮಯಕ್ಕೂ, ಜಗಳ. ವೇಟಿಂಗ್ ಲಿಸ್ಟಿನಲ್ಲಿ ಸಾವಿರಾರು ಜನ ಇರುವಾಗ 40 ಕಾರಿಗೆ ಒಂದು ಪಾತ್ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು?

ಬಾಡಿಗೆಯೂ ಈ ಲೆಕ್ಕದಿಂದಲೇ ಹುಟ್ಟುವಂಥದ್ದು. ವೆರ್ನಾದ ದರವನ್ನೇ ಕಿಲೋಮೀಟರಿಗೆ ಹಂಚಿ ಸುರತ್ಕಲ್‌ವರೆಗಿನ ಏಳುನೂರು ಕಿ.ಮೀ.ಗೆ ಹಿಗ್ಗಿಸಿದರೆ 13,000 ದಾಟುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು ಮುಂಬಯಿಯಿಂದ ಮಂಗಳೂರಿಗೆ ಕುಡಿಯುವ ಪೆಟ್ರೋಲ್ 60 ಲೀಟರ್, ಅಂದರೆ ಆರು ಸಾವಿರ ಚಿಲ್ಲರೆ, ಮೇಲೆ ಟೋಲ್. ಇದಕ್ಕೆ ಎರಡರಷ್ಟು ಕೊಡುವವರು ಎಷ್ಟು ಮಂದಿ ಸಿಕ್ಕಾರು?

ನನ್ನ ಪ್ರಕಾರ ಇದಕ್ಕೆ ಉತ್ತರ ರೈಲ್ವೆಯ ಅಂಗಳದಲ್ಲೇ ಇದೆ. ಸೇವೆಯಿಂದ ಇಳಿಸಿದ ಐಸಿಎಫ್ ಎಂಬ ಹಳೆಯ ಮಾದರಿಯ ನೀಲಿ ಪ್ರಯಾಣಿಕ ಬೋಗಿಗಳ ಸೀಟು ಕಿತ್ತು, ಕಿಟಕಿ ಮುಚ್ಚಿ, ತುದಿಗೆ ಅಗಲ ಬಾಗಿಲಿಟ್ಟು ಎನ್‌ಎಂಜಿ ಎಂಬ ಕಾರು ಸಾಗಣೆಯ ಬೋಗಿ ಮಾಡುತ್ತಾರೆ. ಕಾರ್ಖಾನೆಯಿಂದ ಹೊಸ ಕಾರುಗಳು ಊರೂರಿಗೆ ಹೋಗುವುದು ಇಂಥವುಗಳಲ್ಲಿಯೂ ಹೌದು. ಮೈಯುದ್ದ 21 ಮೀಟರ್ ಮೀರಿರುವುದರಿಂದ ದೊಡ್ಡ ಎಸ್‌ಯುವಿ ನಾಲ್ಕು, ನಾಲ್ಕು ಮೀಟರ್ ಒಳಗಿನವು ಐದು ಹಿಡಿಯುತ್ತವೆ. ಮೇಲೆ ಸೂರಿದೆ, ಉಪ್ಪು ಗಾಳಿ, ಆಷಾಢದ ಮಳೆ ಕಾರಿಗೆ ನೇರ ತಾಗದು. ವೇಗವಂತೂ ಇದಕ್ಕಿಂತ ಮುಖ್ಯ. ತುಂಬಿದ ಚಪ್ಪಟೆ ವ್ಯಾಗನ್‌ಗೆ ಗಂಟೆಗೆ 75 ಕಿ.ಮೀ. ಮಿತಿ ಎಂದಾದರೆ, ಅದಕ್ಕೆ ಎಂಥ ಒಳ್ಳೆಯ ಪ್ರಯಾಣಿಕ ಬೋಗಿ ಕಟ್ಟಿದರೂ ಇಡೀ ಗಾಡಿ ಗೂಡ್ಸ್‌ನ ನಡಿಗೆಯಲ್ಲೇ ಹೋಗಬೇಕು. ಸುಧಾರಿಸಿದ ಎನ್‌ಎಂಜಿಎಚ್‌ಎಸ್ ಬೋಗಿಗೆ 110ರ ವೇಗಮಿತಿ. ಅದನ್ನು ಎಕ್ಸ್‌ಪ್ರೆಸ್‌ನಂತೆ ಓಡಿಸಬಹುದು.

ಇನ್ನು ರ‍್ಯಾಂಪ್. ಲಾರಿಗೆ ಸರಿಹೋದದ್ದು ಕಾರಿಗೂ ಸರಿಹೋಗುತ್ತದೆ ಎಂದುಕೊಂಡರೆ ಕಾರಿನ ಹೊಟ್ಟೆ ಕೆರೆಯುತ್ತದೆ. ಚಪ್ಪಟೆ ವ್ಯಾಗನ್‌ನ ತಳ ಹಳಿಯಿಂದ ಒಂದೂಕಾಲು ಮೀಟರ್ ಮೇಲಿರುತ್ತದೆ. 10ಕ್ಕೆ 1ರ ಏರು ಬೇಕೆಂದರೆ ಹನ್ನೆರಡೂವರೆ ಮೀಟರ್ ಉದ್ದದ ರ‍್ಯಾಂಪ್ ಕಟ್ಟಬೇಕು. ಏರು ಮುಗಿದು ಸಮತಟ್ಟು ಶುರುವಾಗುವ ಅಂಚನ್ನು ಕಾರು ದಾಟುವಾಗ, ಮುಂದಿನ ಚಕ್ರ ಆಚೆ, ಹಿಂದಿನದು ಈಚೆ, ನಡುವೆ ತಳ ಅಂಚಿಗೆ ಹತ್ತಿರವಾಗುತ್ತದೆ. ಚಕ್ರಗಳ ನಡುವೆ 2.45 ಮೀಟರ್ ಅಂತರವಿರುವ ಹ್ಯಾಚ್‌ಬ್ಯಾಕ್‌ಗೆ 10ಕ್ಕೆ 1ರ ಏರಿನಲ್ಲಿ ನಡುಭಾಗದ ಅಂತರ ಸುಮಾರು 6 ಸೆಂ.ಮೀ. ಕುಗ್ಗುತ್ತದೆ. 6ಕ್ಕೆ 1 ಆದರೆ 10 ಸೆಂ.ಮೀ., 4ಕ್ಕೆ 1 ಆದರೆ 15. ಕ್ಯಾಟಲಾಗ್‌ನಲ್ಲಿ ನೆಲದಿಂದ 165 ಮಿ.ಮೀ. ಎಂದಿರುವ ಕಾರು, ಡಿಕ್ಕಿ ತುಂಬ ಊರಿನ ಸಾಮಾನು ಹೇರಿದ ಮೇಲೆ ಮೂರು ನಾಲ್ಕು ಸೆಂ.ಮೀ. ಕುಸಿದಿರುತ್ತದೆ. ಹಾಗಾಗಿ 6ಕ್ಕೆ 1 ಅಪಾಯದ ಅಂಚು. ಅಂಚನ್ನು ದುಂಡಗೆ ಮಾಡಿದರೆ ಸ್ವಲ್ಪ ಉಸಿರಾಡಬಹುದು.

ಎರಡು ವ್ಯಾಗನ್‌ಗಳ ತಳದ ನಡುವೆ 90 ಸೆಂ.ಮೀ.ಗೂ ಮಿಕ್ಕ ಸಂದಿ ಇರುತ್ತದೆ. ಕಾರುಗಳು ಒಂದು ತುದಿಯಿಂದ ಹತ್ತಿ ಒಂದೊಂದೇ ವ್ಯಾಗನ್ ದಾಟುತ್ತ ಮುಂದೆ ಹೋಗಬೇಕಾದ್ದರಿಂದ ಆ ಸಂದಿಗೆ ಉಕ್ಕಿನ ತಟ್ಟೆ ಹಾಸುತ್ತಾರೆ. ಗಾಡಿ ಹೊರಡುವ ಮುನ್ನ ಅದನ್ನು ತೆಗೆಯಲೇಬೇಕು, ಇಲ್ಲವೇ ಮಡಚಬೇಕು. ತಿರುವಿನಲ್ಲಿ ವ್ಯಾಗನ್‌ಗಳು ಒಂದಕ್ಕೊಂದು ಓರೆಯಾಗುವಾಗ ತಟ್ಟೆ ಜಾರಿ ಹಳಿಗೆ ಬೀಳುತ್ತದೆ. ತುದಿಯಿಂದ ಹತ್ತುವ ಪದ್ಧತಿಗೆ ಇನ್ನೊಂದು ಕಾಟವಿದೆ. ಮುಂದಿನ ಕಾರು ಸ್ಟಾರ್ಟ್ ಆಗದಿದ್ದರೆ ಹಿಂದಿನವರೆಲ್ಲ ಅಲ್ಲೇ. ಜಂಪ್ ಸ್ಟಾರ್ಟ್ ಕೇಬಲ್, ಬ್ಯಾಟರಿ ಹಿಡಿದ ಒಬ್ಬ ಮೆಕ್ಯಾನಿಕ್ ಇಳಿಸುವ ರ‍್ಯಾಂಪಿನಲ್ಲಿ ಇರಲೇಬೇಕು.

ಬ್ಯಾಟರಿ ಸಾಯುವುದೂ ಅಪರೂಪವಲ್ಲ. ಗಾಡಿಯ ಕಂಪನಕ್ಕೆ ಕಳ್ಳರ ಅಲಾರಂ ಮತ್ತೆ ಮತ್ತೆ ಕೂಗಬಹುದು, ಪಾರ್ಕಿಂಗ್ ಮೋಡ್‌ನಲ್ಲಿರುವ ಡ್ಯಾಶ್‌ಕ್ಯಾಮ್ ರಾತ್ರಿಯಿಡೀ ರೆಕಾರ್ಡ್ ಮಾಡುತ್ತದೆ. ಎರಡನ್ನೂ ಆಫ್ ಮಾಡಿಯೇ ಬಿಡಬೇಕು. ಕನ್ನಡಿ ಮಡಚಬೇಕು, ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಏನೂ ಇರಬಾರದು. ಆಟೋಮ್ಯಾಟಿಕ್ ಕಾರನ್ನು ಬರೀ ‘ಪಿ’ಯಲ್ಲಿ ನಿಲ್ಲಿಸುವುದು ತಪ್ಪು. ಗಾಡಿ ಹಿಂದೆಮುಂದೆ ಜಗ್ಗುವ ಏಟೆಲ್ಲ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳ ಹಿಂದೆಮುಂದೆ ಅಡೆ ಕೊಟ್ಟು, ಬೆಲ್ಟ್ ಬಿಗಿಯಬೇಕು. ಬೆಲ್ಟ್ ಬಿಗಿಯುವುದು ಚಕ್ರಕ್ಕೇ, ಮೈಗಲ್ಲ. ಮೈ ಸ್ಪ್ರಿಂಗಿನ ಮೇಲೆ ಕುಣಿಯುವುದರಿಂದ ಅಲ್ಲಿ ಕಟ್ಟಿದ ಬೆಲ್ಟ್ ಒಂದು ಕ್ಷಣ ಬಿಗಿ, ಇನ್ನೊಂದು ಕ್ಷಣ ಸಡಿಲ. ಒಂದು ಕಾರಿಗೆ ಮೂರು ನಿಮಿಷವೆಂದರೂ 40 ಕಾರಿಗೆ ಎರಡು ಗಂಟೆ. ಮಧ್ಯಾಹ್ನ ಎರಡಕ್ಕೇ ಬನ್ನಿ ಎನ್ನುವುದು ಸುಮ್ಮನೆ ಅಲ್ಲ.

ಲಾರಿ ಡ್ರೈವರ್‌ಗಳು ರೋ-ರೋದಲ್ಲಿ ತಮ್ಮ ಕ್ಯಾಬಿನ್‌ನಲ್ಲೇ ಕೂತು ಬರುತ್ತಾರೆ, ಕಾರಿನವರೇಕೆ ಬೋಗಿಗೆ ಹೋಗಬೇಕು? ಇಂಗ್ಲೆಂಡ್–ಫ್ರಾನ್ಸ್ ನಡುವಿನ ಕಡಲಡಿ ಸುರಂಗದಲ್ಲಿ ಜನ ಕಾರಿನೊಳಗೇ ಇರುತ್ತಾರೆ ನಿಜ, ಆದರೆ ಅದು 35 ನಿಮಿಷದ ದಾರಿ, ವ್ಯಾಗನ್ ಮುಚ್ಚಿದ್ದು. ಇಲ್ಲಿ ಮಾರ್ಗ ಪೂರ್ತಿ ವಿದ್ಯುದೀಕರಣವಾಗಿದೆ. ತೆರೆದ ವ್ಯಾಗನ್‌ನ ಮೇಲೆ 25,000 ವೋಲ್ಟ್ ತಂತಿ, ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗ, ಕರ್ಬುಡೆಯದೇ ಆರೂವರೆ ಕಿ.ಮೀ. ಸನ್‌ರೂಫ್‌ನಿಂದ ತಲೆ ಹೊರಹಾಕುವ ಒಬ್ಬ ಹುಡುಗ ಸಾಕು. ಕಾರು ಹತ್ತಿಸುವ ಲೈನಿನಲ್ಲೂ ಕೆಲಸದ ಹೊತ್ತಿಗೆ ತಂತಿಯ ಕರೆಂಟ್ ಕಡಿದಿರಬೇಕು, ಇಲ್ಲವೇ ತಂತಿಯೇ ಇರಬಾರದು. ಆ ಕಡಲಡಿ ಸುರಂಗದಲ್ಲಿ ಗ್ಯಾಸಿನ ಕಾರುಗಳನ್ನು ಹತ್ತಿಸುವುದಿಲ್ಲ. ಮುಂಬಯಿಯಲ್ಲಿ ಸಿಎನ್‌ಜಿ ಕಾರುಗಳು ಬೇಕಾದಷ್ಟಿವೆ. ಈ ನಿಯಮ ಇಲ್ಲಿಗೆ ತಂದರೆ ಗಿರಾಕಿ ಇನ್ನೂ ಕಡಿಮೆ.

ಅಮೆರಿಕದ ಆಟೋ ಟ್ರೇನ್ 1983ರಿಂದ ಆಮ್‌ಟ್ರಾಕ್ ಕೈಯಲ್ಲಿ ಓಡುತ್ತಿದೆ. ವಾಷಿಂಗ್ಟನ್ ಬಳಿಯ ಲಾರ್ಟನ್‌ನಿಂದ ಫ್ಲೋರಿಡಾದ ಸ್ಯಾನ್‌ಫರ್ಡ್‌ಗೆ ಸುಮಾರು 1,375 ಕಿ.ಮೀ., ಒಂದು ರಾತ್ರಿ, ನಡುವೆ ಪ್ರಯಾಣಿಕರು ಹತ್ತಿಳಿಯುವ ಸ್ಟೇಷನ್ ಒಂದೂ ಇಲ್ಲ. ಅದಕ್ಕೂ ಮುಂಚೆ ಅದೇ ದಾರಿಯಲ್ಲಿ ಓಡಿಸಿದ ಖಾಸಗಿ ಕಂಪನಿ ಲೂಯಿವಿಲ್‌ಗೆ ಎರಡನೇ ಮಾರ್ಗ ಹಾಕಲು ಹೋಗಿ, ಅಪಘಾತಗಳ ಹೊಡೆತವೂ ಬಿದ್ದು 1981ರಲ್ಲಿ ಮುಚ್ಚಿತು. ಜರ್ಮನಿಯ ಸರಕಾರಿ ರೈಲ್ವೆ ತನ್ನ ರಾತ್ರಿಯ ಕಾರು ರೈಲುಗಳನ್ನು ಕಳೆದ ದಶಕದಲ್ಲಿ ಕೈಬಿಟ್ಟಿತು. ಫಿನ್‌ಲ್ಯಾಂಡ್‌ನಲ್ಲಿ ಹೆಲ್ಸಿಂಕಿಯಿಂದ ಲ್ಯಾಪ್‌ಲ್ಯಾಂಡ್‌ಗೆ ಇಂದಿಗೂ ಇವೆ. ಮುಂಬಯಿ–ಮಂಗಳೂರು ದೂರ ಇವುಗಳ ಸಾಲಿಗೆ ಸೇರುತ್ತದೆ.

ಬೆಂಗಳೂರು–ಮಂಗಳೂರು ಸೇರುವುದಿಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದಾಗಲೆಲ್ಲ ಈ ಬೇಡಿಕೆ ಏಳುವುದು ಸಹಜ. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ ಏರು 50ಕ್ಕೆ 1, ಗಾಡಿಗೆ ಹಿಂದಿನಿಂದ ತಳ್ಳುವ ಎಂಜಿನ್ ಬೇಕು, ಅಲ್ಲಿ ವ್ಯಾಗನ್‌ನ ಸ್ವಂತ ತೂಕದ ಪ್ರತಿ ಟನ್‌ಗೂ ದುಡ್ಡು ತೆರಬೇಕು. ಏಳೆಂಟು ಗಂಟೆಯ ರಸ್ತೆಗೆ, ಹತ್ತಿಸಲು ಮೂರು ಗಂಟೆ ಮೊದಲೇ ಬಂದು, ಇಳಿಸಲು ಮತ್ತೆ ಒಂದು ಗಂಟೆ ಕಾಯುವವರು ಯಾರು? ಜೊತೆಗೆ ಶಿರಾಡಿಯಲ್ಲಿ ಗುಡ್ಡ ಕುಸಿಯುವಂಥ ಮಳೆಗೆ ಆಚೆ ರೈಲು ಹಳಿಯ ಮೇಲೂ ಮಣ್ಣು ಬೀಳುವುದು ಇಲ್ಲಿನವರಿಗೆ ಗೊತ್ತಿಲ್ಲದ್ದೇನಲ್ಲ.