ಅಮಲೋದ್ಭವ: ಗರ್ಭ ಯಾರದು, ಕೂಸು ಯಾರು?

ಡಿಸೆಂಬರ್ 8 ಬಂತೆಂದರೆ ‘ಕನ್ಯೆ ಮರಿಯಮ್ಮನವರು ಯೇಸುವನ್ನು ಗರ್ಭದಲ್ಲಿ ಧರಿಸಿದ ದಿನ’ ಎಂಬ ಶುಭಾಶಯಗಳು ಮೊಬೈಲ್ ತುಂಬ ಹರಿದಾಡುತ್ತವೆ. ನಮ್ಮ ಧರ್ಮಸಭೆಯವರೇ, ಅಂದರೆ ಚರ್ಚಿನವರೇ, ಹೀಗೆ ಬರೆದಾಗ ಸುಮ್ಮನಿರುವುದು ಕಷ್ಟ. ಅಂದು ಕಥೋಲಿಕರು ಆಚರಿಸುವ ಅಮಲೋದ್ಭವ ಹಬ್ಬದಲ್ಲಿ ನೆನೆಯುವ ಕೂಸು ಯೇಸುವಲ್ಲ, ಮರಿಯಮ್ಮ. ಗರ್ಭ ಅವರ ತಾಯಿ ಅನ್ನಮ್ಮನವರದು.

ತಿಂಗಳು ಎಣಿಸಿದರೆ ಸಾಕು. ಡಿಸೆಂಬರ್ 8ರಿಂದ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರು ಕಡೆ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುವ, ಹೊಸ ತೆನೆ ಮನೆ ಸೇರುವ ಮೊಂತಿ ಹಬ್ಬ ಅದೇ. ಯೇಸುವಿನ ಲೆಕ್ಕ ಬೇರೆ: ಮಾರ್ಚ್ 25ಕ್ಕೆ ದೇವದೂತನ ಮಂಗಳವಾರ್ತೆ, ಡಿಸೆಂಬರ್ 25ಕ್ಕೆ ಕ್ರಿಸ್ಮಸ್.

ಗೊಂದಲಕ್ಕೆ ಕನ್ನಡದ್ದೇ ಒಂದು ಕಾರಣವಿದೆ. ‘ಉದ್ಭವ’ ಎಂದ ಕೂಡಲೇ ನಮಗೆ ಉದ್ಭವಮೂರ್ತಿ, ಉದ್ಭವಲಿಂಗ ನೆನಪಾಗುತ್ತವೆ. ಯಾರೂ ಮಾಡದೆ ತಾನಾಗಿ ಮೂಡಿದ್ದು ಎಂಬ ಅರ್ಥ ಮನಸ್ಸಿಗೆ ಹತ್ತುತ್ತದೆ. ಅಲ್ಲಿಂದ ‘ತಂದೆಯಿಲ್ಲದ ಹುಟ್ಟು’ ಎಂಬಲ್ಲಿಗೆ ಒಂದೇ ಹೆಜ್ಜೆ. ಇಲ್ಲಿನ ಉದ್ಭವ ಲ್ಯಾಟಿನ್ನಿನ ‘ಕೊನ್ಸೆಪ್ತಿಯೊ’, ಅಂದರೆ ಗರ್ಭಕ್ಕೆ ಬರುವುದು, ಅಷ್ಟೆ. ವಿಶೇಷವೆಲ್ಲ ‘ಅಮಲ’ದಲ್ಲಿದೆ. ಆ ಮಲ ಯಾವುದು? ಆದಾಮನಿಂದ ಮನುಷ್ಯಕುಲಕ್ಕೆಲ್ಲ ಬಂತೆನ್ನುವ ಜನ್ಮಪಾಪ. ಗರ್ಭದಲ್ಲಿ ಮೂಡಿದ ಮೊದಲ ಕ್ಷಣದಿಂದಲೇ ಮರಿಯಮ್ಮನವರಿಗೆ ಅದು ಸೋಕಲಿಲ್ಲ ಎಂಬುದೇ ಈ ವಿಶ್ವಾಸಸತ್ಯ, ಅಂದರೆ ಕಥೋಲಿಕರು ನಂಬಲೇಬೇಕಾದ ಬೋಧನೆ.

ಮಲ ಎಂದರೆ ಗಂಡ-ಹೆಂಡಿರ ಕೂಡುವಿಕೆ ಎಂದುಕೊಳ್ಳುವವರೂ ಇದ್ದಾರೆ. ಇದು ನನಗೆ ಎಲ್ಲಕ್ಕಿಂತ ನೋವಿನ ತಪ್ಪು. ವಿವಾಹವನ್ನು ಸಂಸ್ಕಾರವೆಂದು ಕರೆಯುವ ಧರ್ಮಸಭೆ ದಾಂಪತ್ಯವನ್ನು ಕೊಳೆ ಎಂದೀತೇ? ಜೋಕಿಮ ಮತ್ತು ಅನ್ನಮ್ಮ ದಂಪತಿಗೆ ಮರಿಯಮ್ಮ ಹುಟ್ಟಿದ್ದು ಎಲ್ಲ ಮಕ್ಕಳಂತೆಯೇ.

ಹಬ್ಬದ ಪೂಜೆಯೂ ಗೊಂದಲವನ್ನು ಹೆಚ್ಚಿಸುತ್ತದೆ, ಒಪ್ಪುತ್ತೇನೆ. ಅಂದು ಓದುವ ಶುಭಸಂದೇಶ ಬೈಬಲಿನ ಲೂಕನ ಮೊದಲ ಅಧ್ಯಾಯ, ಗಬ್ರಿಯೇಲ ದೂತ ಬಂದು ಯೇಸುವಿನ ಜನನ ಸಾರುವ ಭಾಗ. ಆದರೆ ಅದನ್ನು ಆರಿಸಿರುವುದು ದೂತನ ವಂದನೆಗಾಗಿ: ವರಪ್ರಸಾದದಿಂದ ತುಂಬಿದವಳೇ ಎಂಬ ಆ ಸಂಬೋಧನೆಗಾಗಿ.

ಈ ನಂಬಿಕೆ ಸಲೀಸಾಗಿ ನೆಲೆಗೊಳ್ಳಲಿಲ್ಲ. 13ನೇ ಶತಮಾನದಲ್ಲಿ ಹೆಸರಾಂತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರೇ ತಕರಾರು ಎತ್ತಿದ್ದರು: ಪಾಪವೇ ಸೋಕದವರಿಗೆ ರಕ್ಷಕ ಏಕೆ ಬೇಕು? ಕ್ರಿಸ್ತ ಎಲ್ಲರ ರಕ್ಷಕ ಎಂಬ ಮಾತಿಗೇ ಕುಂದಲ್ಲವೇ? ಅವರ ನಂತರ ಬಂದ ದೇವಶಾಸ್ತ್ರಜ್ಞ ಡನ್ಸ್ ಸ್ಕೋಟಸರ ವಾದ ಅದಕ್ಕೆ ದಾರಿ ತೆರೆಯಿತು. ಗುಂಡಿಗೆ ಬಿದ್ದವರನ್ನು ಮೇಲೆತ್ತುವುದು ರಕ್ಷಣೆಯಾದರೆ, ಬೀಳುವ ಮುನ್ನವೇ ಕೈಹಿಡಿಯುವುದು ಅದಕ್ಕೂ ದೊಡ್ಡ ರಕ್ಷಣೆ. ಹಾಗಾಗಿ ಮರಿಯಮ್ಮನವರಿಗೂ ಕ್ರಿಸ್ತರೇ ರಕ್ಷಕ. 1854ರ ಡಿಸೆಂಬರ್ 8ರಂದು ಒಂಬತ್ತನೇ ಪಯಸ್ ಪೋಪರು ಇದನ್ನು ವಿಶ್ವಾಸಸತ್ಯವೆಂದು ಘೋಷಿಸಿದಾಗಲೂ ‘ಕ್ರಿಸ್ತರ ಪುಣ್ಯಫಲದ ಮುಂಗಾಣ್ಕೆಯಿಂದ’ ಎಂಬ ಷರತ್ತನ್ನು ಬಿಡಲಿಲ್ಲ. ಮರಿಯಮ್ಮನವರನ್ನು ದೇವತೆಯಾಗಿಸಿದರು ಎಂದು ದೂರುವವರು ಈ ಮಾತನ್ನು ಓದಿಯೇ ಇಲ್ಲ.

ಕನ್ಯಾಜನನ ಬೇರೆಯೇ ವಿಷಯ. ಅದು ಯೇಸುವಿನ ಹುಟ್ಟಿನ ಕುರಿತದ್ದು. ಅದನ್ನು ಕಥೋಲಿಕರು, ಆರ್ಥೊಡಾಕ್ಸರು, ಪ್ರೊಟೆಸ್ಟೆಂಟರು ಎಲ್ಲರೂ ವಿಶ್ವಾಸಪ್ರಮಾಣದಲ್ಲಿ (ನಂಬಿಕೆಯ ಸಾರವನ್ನು ಸಾರುವ ಮಾತುಗಳಲ್ಲಿ) ಹೇಳುತ್ತಾರೆ. ಅಮಲೋದ್ಭವ ಕಥೋಲಿಕರದ್ದು. ಆರ್ಥೊಡಾಕ್ಸರು ಮರಿಯಮ್ಮನವರನ್ನು ಸರ್ವಪವಿತ್ರೆ ಎಂದು ಕೊಂಡಾಡಿದರೂ ಈ ಘೋಷಣೆಯನ್ನು ಒಪ್ಪಿಲ್ಲ. ಬೈಬಲಿನಲ್ಲಿ ಆಧಾರವಿಲ್ಲವೆಂದು ಪ್ರೊಟೆಸ್ಟೆಂಟರು ನಿರಾಕರಿಸುತ್ತಾರೆ. ಎರಡನ್ನೂ ಒಂದೇ ಮಾಡಿ ಬರೆದರೆ, ಎಲ್ಲ ಕ್ರೈಸ್ತರಿಗೂ ಸೇರಿದ್ದು ಯಾವುದು, ಶತಮಾನಗಳ ಕಾಲ ವಾದಿಸಿದ್ದು ಯಾವುದರ ಬಗ್ಗೆ ಎಂಬುದೇ ಓದುಗರಿಗೆ ತಿಳಿಯದೆ ಹೋಗುತ್ತದೆ.